ತುಕ್ಕನ್ನು ಹಾಗೇ ಬಿಟ್ಟು ಮೇಲೆ ಬಣ್ಣ ಹೊಡೆದರು

ಇವತ್ತು ಬೆಳಗ್ಗೆ ಟ್ರೈಲರಿನ ಹಿಂದಿನ ಡೋರಿನ ಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಉಗುರಿನಲ್ಲಿ ಎಬ್ಬಿಸಿದೆ. ಅಂಗೈ ಅಗಲ ಕಿತ್ತು ಬಂತು. ತಿರುಗಿಸಿ ನೋಡಿದರೆ ಅದರ ಬೆನ್ನಿಗೆಲ್ಲ ತುಕ್ಕಿನ ಪುಡಿ. ಆಯುಧಪೂಜೆಗೆ ಎರಡು ದಿನ ಮುಂಚೆ ಬಣ್ಣ ಹೊಡೆಸಿಕೊಂಡು ಮನೆಗೆ ಬಂದ ಗಾಡಿ ಇದು. ಸಂಕ್ರಾಂತಿಗೇ ಈ ಗತಿ. ಹೊಟ್ಟೆ ಉರಿಯುತ್ತಿದೆ.

ಟ್ರೈಲರ್ ಅಪ್ಪನದು. ಎಣ್ಣೆಯ ಒತ್ತಡದಿಂದ ಏಳುವ ಜಾಕಿನಲ್ಲಿ ಬಾಡಿ ಎತ್ತಿ ಸುರಿಯುವ, ಟ್ರ್ಯಾಕ್ಟರಿಗೆ ಕಟ್ಟುವ ಎರಡು ಗಾಲಿಯ ಗಾಡಿ. ಕಬ್ಬು, ಭತ್ತ, ಗೊಬ್ಬರ ಎಲ್ಲಾ ಹೊತ್ತಿದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಮೂರು ವರ್ಷ ಹುಣಸೆಮರದ ಕೆಳಗೆ ನಿಂತುಬಿಟ್ಟಿತು. ಒಳಗೆ ಅರ್ಧ ಲೋಡು ಕೊಟ್ಟಿಗೆ ಗೊಬ್ಬರ ಹಾಗೇ ಉಳಿದಿತ್ತು. ಮಳೆ ಬಂದಾಗ ನೆನೆಯುವುದು, ಬಿಸಿಲಿಗೂ ಪೂರ್ತಿ ಒಣಗದೆ ಇರುವುದು. ಸಂದಿಗಳಲ್ಲಿ ಚೆಲ್ಲಿದ್ದ ಪೊಟ್ಯಾಷ್ ಬೇರೆ. ಉಪ್ಪಿನಂಶ ಇರುವ ಗೊಬ್ಬರ ಒದ್ದೆ ತಗಡಿಗೆ ತಾಗಿದರೆ ತುಕ್ಕಿಗೆ ಅದಕ್ಕಿಂತ ಒಳ್ಳೆ ಊಟ ಇಲ್ಲ. ನೋಡಿಕೊಳ್ಳದೆ ಬಿಟ್ಟಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಅದನ್ನು ಸರಿ ಮಾಡಬೇಕು ಅಂತಲೇ ಅಲ್ವಾ ದುಡ್ಡು ಕೂಡಿಸಿಕೊಂಡು ಹೋಗಿದ್ದು?

ಶ್ರಾವಣದಲ್ಲಿ ಪೇಂಟ್ ಶೆಡ್ಡಿಗೆ ಬಿಟ್ಟೆ. ಬಾಯಿ ಬಿಟ್ಟು, ಎರಡೆರಡು ಸಲ ಹೇಳಿದೆ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಬಿಳಿ ಕಬ್ಬಿಣ ಕಾಣುವ ತನಕ ತಿಕ್ಕಿ. ತೂತಾಗಿರುವ ಕಡೆ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿ, ಪುಟ್ಟಿ ಮೆತ್ತಬೇಡಿ. ತಿಕ್ಕಿದ ದಿನವೇ ಥಿನ್ನರಿನಲ್ಲಿ ಒರೆಸಿ ಪ್ರೈಮರ್ ಹೊಡೆಯಿರಿ. ಆಮೇಲೆ ಎರಡು ಕೋಟ್ ಎನಾಮೆಲ್. ಮೂವತ್ತೆರಡು ಸಾವಿರ ಕೇಳಿದರು. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಒಳ್ಳೆ ಕೆಲಸಕ್ಕೆ ಅಷ್ಟಾಗುತ್ತದೆ ಅಂತ ನನಗೂ ಗೊತ್ತು.

ಹದಿನೈದು ದಿನ ಬಿಟ್ಟು ಹೇಳದೆ ಹೋದೆ. ಒಬ್ಬ ಹುಡುಗ ಒಂದು ತುಂಡು ಎಮರಿ ಪೇಪರ್ ಹಿಡಿದು ಮೇಲೆ ಮೇಲೆ ಉಜ್ಜುತ್ತಿದ್ದ. ಇನ್ನೊಬ್ಬ ಡೀಸೆಲ್ ಬಟ್ಟೆಯಲ್ಲಿ ಒರೆಸುತ್ತಿದ್ದ. ಡೀಸೆಲ್! ಅದು ಒಣಗಿದ ಮೇಲೂ ಎಣ್ಣೆಯ ಪೊರೆ ಬಿಡುತ್ತದೆ. ಅದರ ಮೇಲೆ ಬಣ್ಣ ಹೇಗೆ ಕಚ್ಚಿಕೊಳ್ಳಬೇಕು? ಕೇಳಿದರೆ ಓನರ್ ಅಂದ, 'ಎಲ್ಲರ ಗಾಡಿಗೂ ಹಿಂಗೇ ಮಾಡೋದು ಅಣ್ಣ, ನೀವು ಸುಮ್ನೆ ತಲೆ ಕೆಡಿಸ್ಕೊತೀರ.' ಮತ್ತೆ ತಿಕ್ಕಿಸುತ್ತೇನೆ ಅಂತ ಮಾತು ಕೊಟ್ಟ. ನಂಬಿ ಬಂದೆ. ಮುಂದಿನ ವಾರ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಬರೀ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಗಾಡಿಯನ್ನು ಶೆಡ್ಡಿನ ಆಚೆ ಮಳೆಗೆ ನಿಲ್ಲಿಸಿದ್ದರು. ಪ್ರೈಮರ್ ಒಂದೇ ನೀರು ತಡೆಯುವುದಿಲ್ಲ. ಅದು ಮೇಲಿನ ಬಣ್ಣಕ್ಕೆ ಹಿಡಿತ ಕೊಡಲು ಇರುವ ಹೊದಿಕೆ. ಒಳಗೆ ತುಕ್ಕು ಉಳಿದಿದ್ದರೆ ಕತೆ ಮುಗಿಯಿತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಊದುತ್ತದೆ, ಬಣ್ಣವನ್ನು ಒಳಗಿನಿಂದಲೇ ಎತ್ತಿ ಹಾಕುತ್ತದೆ. ಇದು ಬಣ್ಣದ ಕೆಲಸ ಮಾಡುವವರಿಗೆ ಗೊತ್ತಿಲ್ಲದೆ ಇರುತ್ತಾ?

ಆದರೆ ನನಗೆ ಬಣ್ಣಕ್ಕಿಂತ ಜಾಸ್ತಿ ಸಿಟ್ಟು ಬಂದಿರುವುದು ಜಾಕಿನ ವಿಷಯಕ್ಕೆ. ಇಷ್ಟು ಹಾಳಾಗಿದ್ದ ಗಾಡಿಯಲ್ಲಿ ಚೆನ್ನಾಗಿ ಉಳಿದಿದ್ದದ್ದು ಅದೊಂದೇ. ಜಾಕಿನ ರಾಡ್ ಸಿಲಿಂಡರಿನ ಒಳಗೆ, ಎಣ್ಣೆಯಲ್ಲಿ ಇತ್ತಲ್ಲ, ಅದರ ಕ್ರೋಮ್ ಲೇಪ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಇವರು ಅಡಿಭಾಗಕ್ಕೆ ಬಣ್ಣ ಹೊಡೆಯಲು ಬಾಡಿ ಎತ್ತಿ ನಿಲ್ಲಿಸಿದ್ದಾರೆ. ರಾಡ್ ಪೂರ್ತಿ ಆಚೆ ಬಂದಿದೆ. ಅದಕ್ಕೆ ಗ್ರೀಸ್ ಬಳಿದು ಒಂದು ಪೇಪರ್ ಸುತ್ತುವಷ್ಟೂ ವ್ಯವಧಾನ ಇಲ್ಲ. ಸ್ಪ್ರೇ ಗನ್ ಹಿಡಿದು ಚಾಸಿ, ಪಟ್ಟಿ, ರಾಡ್ ಎಲ್ಲದಕ್ಕೂ ಒಟ್ಟಿಗೆ ಹೊಡೆದುಬಿಟ್ಟಿದ್ದಾರೆ. ಆಮೇಲೆ ಯಾರೋ ತಪ್ಪಾಯಿತು ಅಂದಿರಬೇಕು. ಆಗಲೂ ಥಿನ್ನರ್ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿದ್ದರೆ ಹೋಗುತ್ತಿತ್ತು. ಒರೆಸಲಿಲ್ಲ, ಗ್ರೈಂಡರ್ ಹಿಡಿದರು! ಈಗ ರಾಡಿನ ತುಂಬ ಗೀರು. ಆ ಗೀರುಗಳು ಮೇಲೆ ಕೆಳಗೆ ಓಡಾಡಿ ಎಣ್ಣೆ ತಡೆಯುವ ಸೀಲ್ ಹರಿದಿದೆ. ಲೋಡ್ ಎತ್ತಿದರೆ ಎಣ್ಣೆ ಇಳಿಯುತ್ತದೆ. ಸೀಲ್ ಬದಲಾಯಿಸಿದೆ, ಅದೂ ತಿಂಗಳಿಗೆ ಹೋಯಿತು. ಕ್ರೋಮ್ ಕಿತ್ತ ಕಡೆ ಚುಕ್ಕಿ ಚುಕ್ಕಿ ತುಕ್ಕು ಶುರುವಾಗಿದೆ. ಇನ್ನು ರಾಡ್ ಬಿಚ್ಚಿ, ಗ್ರೈಂಡ್ ಮಾಡಿಸಿ, ಮತ್ತೆ ಕ್ರೋಮ್ ಹಾಕಿಸಬೇಕು. ಮೂರು ವರ್ಷದ ಮಳೆ ಮಾಡದ ಹಾಳನ್ನು ಇವರು ಒಂದು ಮಧ್ಯಾಹ್ನದಲ್ಲಿ ಮಾಡಿದರು.

ಗ್ರೀಸ್ ತುಂಬುವ ನಿಪ್ಪಲ್‌ಗಳ ಬಾಯಿಗೂ ಬಣ್ಣ ಕೂತಿತ್ತು, ಸೂಜಿಯಲ್ಲಿ ಬಿಡಿಸಿಕೊಂಡೆ. ಹಿಂದಿನ ಕೆಂಪು ರಿಫ್ಲೆಕ್ಟರ್‌ಗಳ ಮೇಲೂ ನೀಲಿ ಬಣ್ಣ. ಇದು ಸಣ್ಣ ವಿಷಯ ಅಲ್ಲ. ನಮ್ಮ ಮಂಡ್ಯದ ಕಡೆ ಕಬ್ಬಿನ ಸೀಸನ್ನಿನಲ್ಲಿ ರಾತ್ರಿಯೆಲ್ಲ ಟ್ರೈಲರ್‌ಗಳು ರಸ್ತೆಯಲ್ಲಿರುತ್ತವೆ. ಕತ್ತಲಲ್ಲಿ ಕಾಣದೆ ಹಿಂದಿನಿಂದ ಬಂದು ಗುದ್ದಿ ಪ್ರಾಣ ಕಳೆದುಕೊಂಡವರಿದ್ದಾರೆ. ನಾನು ನೋಡದೆ ಹಾಗೇ ರಸ್ತೆಗೆ ಇಳಿಸಿದ್ದರೆ?

ಡೋರಿನ ಮೇಲೆ ಅಪ್ಪ ಹಳದಿಯಲ್ಲಿ ಬರೆಸಿದ್ದ 'ಶ್ರೀ ಚಾಮುಂಡೇಶ್ವರಿ ಕೃಪೆ' ಇತ್ತು. ಅದನ್ನು ಟೇಪ್ ಹಾಕಿ ಉಳಿಸಿ ಅಂತ ಕೇಳಿಕೊಂಡಿದ್ದೆ. ಅದನ್ನೂ ಮುಚ್ಚಿದರು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೀಲಿಯ ಕೆಳಗೆ ಆ ಅಕ್ಷರಗಳು ಉಬ್ಬಿಕೊಂಡು ಕಾಣುತ್ತವೆ. ತಿಕ್ಕಿದ್ದರೆ ಅಕ್ಷರ ಹೀಗೆ ಉಳಿಯುತ್ತಿತ್ತಾ? ಅದನ್ನು ಫೋನಿನಲ್ಲಿ ಫೋಟೋ ತೆಗೆದು ಓನರಿಗೆ ತೋರಿಸಿದೆ. ಬಿಸಿಲು ಜಾಸ್ತಿ, ಅದಕ್ಕೆ ಬಣ್ಣ ಎದ್ದಿದೆ ಅಂದ. ಕೊನೆಗೆ, ತಂದು ಬಿಡಿ, ಇನ್ನೊಂದು ಕೋಟ್ ಹೊಡೆದು ಕೊಡುತ್ತೇನೆ ಅಂದ.

ಅದೇ ತುಕ್ಕಿನ ಮೇಲೆ ಇನ್ನೊಂದು ಕೋಟ್! ಕೊಡುವುದಿಲ್ಲ. ಜಾಕಿನ ರಿಪೇರಿ ದುಡ್ಡು ಕೊಡಿ ಅಂತ ಕೇಳಿ ಬಂದಿದ್ದೇನೆ, ಕೊಡುವ ತನಕ ವಾರಕ್ಕೊಂದು ಸಲ ಹೋಗಿ ಕೇಳುತ್ತೇನೆ. ಟ್ರೈಲರ್ ಇನ್ನು ಆ ಶೆಡ್ಡಿನ ಬಾಗಿಲು ನೋಡುವುದಿಲ್ಲ. ನಾಲ್ಕು ತಂತಿ ಬ್ರಷ್, ಒಂದು ಕನ್ನಡಕ, ಐದು ಲೀಟರ್ ಥಿನ್ನರ್ ತಂದಿಟ್ಟಿದ್ದೇನೆ. ಡೋರ್ ಬಿಚ್ಚಿ ಜಗುಲಿ ಮೇಲೆ ಮಲಗಿಸಿದ್ದೇನೆ. ಭಾನುವಾರ ಅಲ್ಲಿಂದಲೇ ಶುರು ಮಾಡುತ್ತೇನೆ.