ಹರ್ಲಿಂಗ್ಸ್‌ಗೆ ಐದು, ಕೈರೋಲಿಗೆ ಒಂಬತ್ತು

ಮೋಟೋಕ್ರಾಸ್, ಅಂದರೆ ಏರುತಗ್ಗಿನ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು, ಅಂದ ಕೂಡಲೇ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, "ಎಷ್ಟು ಎತ್ತರ ಹಾರಿಸ್ತಾನೆ?" ಹಾರಿಸುವುದು ಈ ವೃತ್ತಿಯ ಸುಲಭದ ಕೆಲಸ. ಕಷ್ಟದ್ದು ಬೇರೆ ಇದೆ. ವಿಶ್ವ ಚಾಂಪಿಯನ್ ಪಟ್ಟಕ್ಕೆ ಅಂಕ ಕೊಡುವ, ವರ್ಷಕ್ಕೆ ಇಪ್ಪತ್ತರ ಆಸುಪಾಸಿನ ಗ್ರ್ಯಾನ್ ಪ್ರಿಗಳಲ್ಲಿ ಪ್ರತಿಯೊಂದರಲ್ಲೂ ಸ್ಟಾರ್ಟಿಂಗ್ ಗೇಟಿನ ಹಿಂದೆ ಮೂಳೆ ನೆಟ್ಟಗಿಟ್ಟುಕೊಂಡು ನಿಲ್ಲಬೇಕು. ಮಗನನ್ನೋ ಮಗಳನ್ನೋ ಈ ಆಟಕ್ಕೆ ಹಾಕಬೇಕು ಅಂದುಕೊಂಡವರು ಬೈಕಿನ ಬೆಲೆ ವಿಚಾರಿಸುವ ಮೊದಲು ಜೆಫ್ರಿ ಹರ್ಲಿಂಗ್ಸ್ ಅವರ ವೃತ್ತಿಜೀವನವನ್ನು ಒಮ್ಮೆ ನೋಡಬೇಕು.

ನೆದರ್ಲೆಂಡ್ಸ್‌ನ ಹರ್ಲಿಂಗ್ಸ್ 2010ರಲ್ಲಿ, 15ನೇ ವಯಸ್ಸಿಗೇ, ವಾಲ್ಕೆನ್ಸ್‌ವಾರ್ಡ್‌ನ ಮರಳಿನ ಟ್ರ್ಯಾಕಿನಲ್ಲಿ ಮೊದಲ ಗ್ರ್ಯಾನ್ ಪ್ರಿ ಗೆದ್ದರು. 2023ರಲ್ಲಿ ಬೆಲ್ಜಿಯಂನ ಸ್ಟೆಫಾನ್ ಎವರ್ಟ್ಸ್ ಅವರ 101 ಗ್ರ್ಯಾನ್ ಪ್ರಿ ಗೆಲುವಿನ ದಾಖಲೆ ದಾಟಿದರು. ಅವರ ವೇಗದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ವಿಶ್ವ ಚಾಂಪಿಯನ್ ಪಟ್ಟ ಐದೇ: ಸಣ್ಣ ಎಂಜಿನ್ನಿನ ಕಿರಿಯರ ವರ್ಗವಾದ ಎಂಎಕ್ಸ್2ರಲ್ಲಿ 2012, 2013, 2016, ಅದರ ಮೇಲಿನ ದೊಡ್ಡ ವರ್ಗವಾದ ಎಂಎಕ್ಸ್‌ಜಿಪಿಯಲ್ಲಿ 2018, 2021. ಗ್ರ್ಯಾನ್ ಪ್ರಿ ಗೆಲುವಿನಲ್ಲಿ ಅವರಿಗಿಂತ ಹಿಂದಿರುವ ಇಟಲಿಯ ಆಂಟೋನಿಯೋ ಕೈರೋಲಿಗೆ ಒಂಬತ್ತು. ಎವರ್ಟ್ಸ್‌ಗೆ ಹತ್ತು.

ಉಳಿದ ಪಟ್ಟಗಳು ಎಲ್ಲಿ ಹೋದವು? 2014ರಲ್ಲಿ ಅಂಕಪಟ್ಟಿಯಲ್ಲಿ ಬಹಳ ಮುಂದಿದ್ದಾಗ ಒಂದು ಸಹಾಯಾರ್ಥ ರೇಸಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಪಟ್ಟ ಫ್ರಾನ್ಸ್‌ನ ಜೋರ್ಡಿ ಟಿಕ್ಸಿಯೇ ಪಾಲಾಯಿತು, ಬರೀ 4 ಅಂಕಗಳಲ್ಲಿ. 2015ರಲ್ಲಿ ಮತ್ತೆ ಗಾಯದ ಮೇಲೆ ಗಾಯ. 2019ರಲ್ಲಿ ಸೀಸನ್ ಶುರುವಾಗುವ ಮೊದಲೇ ಪಾದ ಮುರಿದು ಬಹುಪಾಲು ರೇಸುಗಳು ಕೈಬಿಟ್ಟವು. 2020ರಲ್ಲಿ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿದ್ದಾಗ ಇಟಲಿಯ ಫಾಯೆಂಜಾದಲ್ಲಿ ಅಭ್ಯಾಸದ ವೇಳೆ ಬಿದ್ದು ಕುತ್ತಿಗೆಗೆ ಪೆಟ್ಟು. 2022ರಲ್ಲಿ ಹಿಮ್ಮಡಿಯ ಮೂಳೆ ಮುರಿದು ಇಡೀ ಸೀಸನ್ ಹೋಯಿತು. ಇವುಗಳಲ್ಲಿ ಎಷ್ಟು ಗಾಯ ಅಂಕ ಸಿಗುವ ರೇಸಿನಲ್ಲಿ ಆಗಿದ್ದು, ಎಷ್ಟು ಹೊರಗೆ ಆಗಿದ್ದು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂಕದ ಲೆಕ್ಕ ತಿಳಿದರೆ ಇದರ ಬೆಲೆ ಅರ್ಥವಾಗುತ್ತದೆ. 2023ರಿಂದ ಶನಿವಾರದ ಅರ್ಹತಾ ರೇಸಿಗೂ ಸ್ವಲ್ಪ ಅಂಕ ಇದೆ, ಅದನ್ನು ಬದಿಗಿಟ್ಟು ನೋಡೋಣ. ಭಾನುವಾರ ಎರಡು ರೇಸು, ಒಂದೊಂದೂ 30 ನಿಮಿಷ ಮತ್ತು 2 ಸುತ್ತು. ಮೊದಲನೆಯವನಿಗೆ 25, ಎರಡನೆಯವನಿಗೆ 22, ಮೂರನೆಯವನಿಗೆ 20, ಹೀಗೆ ಇಪ್ಪತ್ತನೆಯವನಿಗೆ 1. ಎರಡೂ ರೇಸು ಗೆದ್ದರೆ 50, ಎರಡೂ ಕಡೆ ಎರಡನೆಯವನಾದರೆ 44. ಅಂದರೆ ಎಷ್ಟೇ ಭರ್ಜರಿಯಾಗಿ ಗೆದ್ದರೂ ಬೆನ್ನ ಹಿಂದೆ ಇರುವವನಿಗಿಂತ ನೀವು ಗಳಿಸುವುದು 6 ಅಂಕ ಹೆಚ್ಚು. ಒಂದೇ ಒಂದು ಭಾನುವಾರ ನೀವು ಮನೆಯಲ್ಲಿ ಕೂತು, ಅವನು ಎರಡೂ ರೇಸಿನಲ್ಲಿ ಎರಡನೆಯವನಾದರೂ 44 ಹೋಯಿತು. ಅದನ್ನು ತುಂಬಲು ಏಳು ಗ್ರ್ಯಾನ್ ಪ್ರಿಗಳಲ್ಲಿ ಎರಡೆರಡೂ ರೇಸು ಗೆದ್ದರೂ ಸಾಲದು. ಕೈರೋಲಿ, ಎವರ್ಟ್ಸ್ ಈ ಲೆಕ್ಕವನ್ನು ಮೈಗೂಡಿಸಿಕೊಂಡಿದ್ದರು. ಮೂರನೇ ಸ್ಥಾನ ಸಿಗುವ ದಿನ ಮೂರನೆಯದನ್ನೇ ತೆಗೆದುಕೊಂಡು ಮನೆಗೆ ಹೋಗುವುದು ಅವರಿಗೆ ಗೊತ್ತಿತ್ತು. ಎವರ್ಟ್ಸ್ ಸವಾರಿ ನೋಡಿದವರಿಗೆ ಅದು ನಿಧಾನ ಅನ್ನಿಸುತ್ತಿತ್ತು, ಗಡಿಯಾರ ಬೇರೆಯೇ ಹೇಳುತ್ತಿತ್ತು. ಕೂರುವುದು ಕಡಿಮೆ, ನಿಂತೇ ತಿರುವು ದಾಟುವುದು, ದೊಡ್ಡ ಗೇರ್, ಥ್ರಾಟಲ್ ನಯವಾಗಿ. ಹತ್ತನೇ ಪಟ್ಟದ 2006ರ ಸೀಸನ್ನಿನಲ್ಲಿ 15 ಗ್ರ್ಯಾನ್ ಪ್ರಿಗಳಲ್ಲಿ 14 ಗೆದ್ದು, 33ರ ವಯಸ್ಸಿನಲ್ಲಿ ನಿವೃತ್ತರಾದರು.

ಹರ್ಲಿಂಗ್ಸ್ ಅವರನ್ನು ದೂರುತ್ತಿಲ್ಲ. 2018ರಲ್ಲಿ ಕಾಲರ್ ಬೋನ್ ಮುರಿದು ಒಂದು ಗ್ರ್ಯಾನ್ ಪ್ರಿ ತಪ್ಪಿಸಿಕೊಂಡೂ, ಓಡಿಸಿದ 19ರಲ್ಲಿ 17 ಗೆದ್ದ ಮನುಷ್ಯ ಅವರು. 2021ರಲ್ಲಿ ಭುಜದ ಹಲಗೆ ಮೂಳೆಗೆ ಪೆಟ್ಟಾಗಿ ಮತ್ತೆ ಒಂದು ವಾರ ಹೋಗಿ, ಸೀಸನ್ನಿನ ಕೊನೆಯ ರೇಸಿನಲ್ಲಿ 5 ಅಂಕದಿಂದ ಪಟ್ಟ ಗೆದ್ದರು. ಅಂಥ ಪ್ರತಿಭೆಗೇ ಈ ಪಾಡಾದರೆ ಉಳಿದವರ ಕಥೆ ಏನು? ಅಮೆರಿಕದ ರಿಕಿ ಕಾರ್ಮೈಕಲ್ 2002ರಲ್ಲೂ 2004ರಲ್ಲೂ ಹೊರಾಂಗಣ ಸೀಸನ್ನಿನ 24ಕ್ಕೆ 24 ರೇಸು ಗೆದ್ದವರು. 27ರಲ್ಲೇ ಮೋಟೋಕ್ರಾಸ್ ಬಿಟ್ಟರು. ರಯಾನ್ ಡಂಜಿ ಬಿಟ್ಟಿದ್ದೂ 27ಕ್ಕೆ. ಕ್ರೀಡಾಂಗಣದೊಳಗೆ ನಡೆಯುವ ಸೂಪರ್‌ಕ್ರಾಸ್‌ನಲ್ಲಿ ಸತತ ನಾಲ್ಕು ಪಟ್ಟ ಗೆದ್ದ ರಯಾನ್ ವಿಲ್ಲೋಪೊಟೊ 2015ರಲ್ಲಿ ಯುರೋಪಿಗೆ ಬಂದು, ಇಟಲಿಯಲ್ಲಿ ಬಿದ್ದು ಬೆನ್ನಡಿಯ ಮೂಳೆಗೆ ಪೆಟ್ಟು ಮಾಡಿಕೊಂಡು, ಅದೇ ವರ್ಷ ಹೆಲ್ಮೆಟ್ ಕೆಳಗಿಟ್ಟರು. ಹದಿನೈದಕ್ಕೆ ಶುರು, ಇಪ್ಪತ್ತೇಳಕ್ಕೆ ಮುಗಿತಾಯ. ಇದನ್ನು ಬರೆದಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಬೀಳುವುದು ಬರೀ ಹಣೆಬರಹ ಅಲ್ಲ. ಎಷ್ಟೋ ಬೀಳುವಿಕೆಗಳು ಬೈಕ್ ಸಜ್ಜು ಮಾಡುವ ಪ್ಯಾಡಕ್‌ನಲ್ಲೇ ತಯಾರಾಗಿರುತ್ತವೆ. ಅದರಲ್ಲಿ ನನ್ನ ಪ್ರಕಾರ ಮೊದಲ ಸ್ಥಾನ ಹಿಂದಿನ ಸ್ಪ್ರಿಂಗಿಗೆ. ನಮ್ಮಲ್ಲಿ ಎಕ್ಸಾಸ್ಟ್‌ಗೆ ಸಾವಿರಾರು ರೂಪಾಯಿ ಸುರಿಯುವವರು ಸ್ಯಾಗ್, ಅಂದರೆ ಭಾರಕ್ಕೆ ಬೈಕಿನ ಹಿಂಭಾಗ ಎಷ್ಟು ಇಳಿಯುತ್ತದೆ ಅನ್ನುವುದನ್ನು, ಅಳೆಯಲು ಹತ್ತು ನಿಮಿಷ ಕೊಡುವುದಿಲ್ಲ. ಮಾಡುವುದು ಹೀಗೆ: ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಗಾಳಿಯಲ್ಲಿರಲಿ. ಹಿಂದಿನ ಆಕ್ಸಲ್‌ನ ನಡುಭಾಗದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಮೇಲೆ ಒಂದು ಗುರುತು ಹಾಕಿ ಟೇಪ್ ಹಿಡಿಯಿರಿ. 600 ಮಿ.ಮೀ. ಬಂತು ಅನ್ನಿ. ಈಗ ಬೈಕ್ ಕೆಳಗಿಳಿಸಿ; ಸವಾರ ಹೆಲ್ಮೆಟ್, ಬೂಟು, ಮಂಡಿಯ ಬ್ರೇಸ್ ಎಲ್ಲ ಹಾಕಿಕೊಂಡೇ ಹತ್ತಬೇಕು. ಮುಂದೆ ಒಬ್ಬರು ಹ್ಯಾಂಡಲ್ ಹಿಡಿದಿರಲಿ. ಸವಾರ ಎರಡು ಮೂರು ಸಲ ಕುಕ್ಕಿ, ನಂತರ ಫುಟ್‌ಪೆಗ್ ಮೇಲೆ ನೆಟ್ಟಗೆ ನಿಲ್ಲಲಿ. ಅಳತೆ 495ರಿಂದ 500ರೊಳಗೆ ಬರಬೇಕು, ಅಂದರೆ ಇಳಿತ 100ರಿಂದ 105 ಮಿ.ಮೀ. ಹೆಚ್ಚು ಕಡಿಮೆ ಇದ್ದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಪ್ರೀಲೋಡ್ ರಿಂಗ್ ತಿರುಗಿಸಿ ಸರಿ ಮಾಡಿ.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅಸಲಿ ವಿಷಯ ಗೊತ್ತಾಗುವುದು ಮುಂದಿನ ಅಳತೆಯಲ್ಲಿ. ಸವಾರ ಇಳಿದ ಮೇಲೆ ಬೈಕು ತನ್ನದೇ ಭಾರಕ್ಕೆ ಎಷ್ಟು ಇಳಿದಿದೆ ನೋಡಿ; 30ರಿಂದ 40 ಮಿ.ಮೀ. ಇರಬೇಕು. ಸವಾರನ ಅಳತೆ 105ಕ್ಕೆ ಸರಿಯಾಗಿದ್ದೂ ಇದು 20 ಮಾತ್ರ ಬಂದರೆ ಸ್ಪ್ರಿಂಗ್ ಆ ಮನುಷ್ಯನಿಗೆ ಮೆದು. ಪ್ರೀಲೋಡ್ ಬಿಗಿದು ಬಿಗಿದು ಅಳತೆ ತಂದಿದ್ದೀರಿ ಅಷ್ಟೇ. 50 ಬಂದರೆ ಸ್ಪ್ರಿಂಗ್ ಗಟ್ಟಿ. ಕಂಪನಿಯಿಂದ ಬರುವ 250 ಬೈಕಿನ ಸ್ಪ್ರಿಂಗ್ ಪೂರ್ತಿ ಬೆಳೆದ ಆಳಿನ ತೂಕಕ್ಕೆ ಮಾಡಿದ್ದು. ಅದರ ಮೇಲೆ 52 ಕಿಲೋದ ಹುಡುಗ ಕೂತರೆ ಹಿಂಭಾಗ ಇಳಿಯುವುದೇ ಇಲ್ಲ. ತಿರುವಿನ ಮುಂಚೆ ಬ್ರೇಕ್ ಹಿಡಿಯುವ ಜಾಗ ಮಧ್ಯಾಹ್ನದ ಹೊತ್ತಿಗೆ ಉತ್ತ ಹೊಲದಂತೆ ಗುಂಡಿ ಬಿದ್ದಿರುತ್ತದೆ. ಅಲ್ಲಿ ಹಿಂದಿನ ಚಕ್ರ ಒದ್ದು, ಮುಂದಿನ ಫೋರ್ಕ್ ಕುಸಿದು, ಹುಡುಗ ಹ್ಯಾಂಡಲ್ ಮೇಲಿಂದ ಹೋಗುತ್ತಾನೆ. ನೋಡಿದವರು "ಬ್ರೇಕ್ ಜಾಸ್ತಿ ಹಿಡಿದ" ಅನ್ನುತ್ತಾರೆ. ಹೊಸ ಸ್ಪ್ರಿಂಗ್ ಹಾಕಿಸುವ ಖರ್ಚು ಒಂದು ಆಪರೇಷನ್ನಿನ ಮುಂದೆ ಏನೇನೂ ಅಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಟೈರ್ ಗಾಳಿ 12ರಿಂದ 14 ಪಿಎಸ್ಐ. ನಮ್ಮ ಗಟ್ಟಿ ಕೆಂಪು ಮಣ್ಣಿಗೆ 13ರಿಂದ ಶುರು ಮಾಡಿ. ಚೈನ್ ರೋಡ್ ಬೈಕಿನಂತೆ ಬಿಗಿಯುವುದು ತಪ್ಪು: ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚೈನ್ ಎಳೆದುಕೊಳ್ಳುತ್ತದೆ, ಸಡಿಲ ಸಾಲದಿದ್ದರೆ ಬೇರಿಂಗ್ ಹೋಗುತ್ತದೆ ಇಲ್ಲವೇ ಚೈನೇ ಕಡಿಯುತ್ತದೆ. ಸಡಿಲ ಎಷ್ಟು ಬಿಡಬೇಕು ಅನ್ನುವುದು ಬೈಕಿನ ಮ್ಯಾನುಯಲ್‌ನಲ್ಲಿದೆ, ಸಾಮಾನ್ಯವಾಗಿ 50ರಿಂದ 60 ಮಿ.ಮೀ. ಚಕ್ರದ ಕಡ್ಡಿಗಳನ್ನು ಪ್ರತಿ ಸಲವೂ ನೋಡಿ, ಟೈರ್ ಜಾರದಂತೆ ಹಿಡಿಯುವ ರಿಮ್ ಲಾಕ್ ಪಕ್ಕದವು ಮೊದಲು ಸಡಿಲವಾಗುತ್ತವೆ. ಏರ್ ಫಿಲ್ಟರ್‌ನ ಸ್ಪಂಜನ್ನು ಪ್ರತಿ ದಿನದ ಸವಾರಿ ಮುಗಿದ ಮೇಲೆ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಾಕಿ ಹಿಂಡಿ, ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಿ. ಕೂದಲೆಳೆಯಷ್ಟು ಸಂದಿನಲ್ಲಿ ದೂಳು ಒಳಹೋದರೂ ಫೋರ್ ಸ್ಟ್ರೋಕ್ ಎಂಜಿನ್ನಿನ ವಾಲ್ವ್ ಸವೆದು, ಒಂದು ದಿನ ಜಂಪ್ ಏರುವಾಗಲೇ ಎಂಜಿನ್ ನಿಂತುಬಿಡಬಹುದು. ಇಲ್ಲಿ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿಲ್ಲ, ಗಂಟೆಯಲ್ಲಿ. ಅವರ್ ಮೀಟರ್ ಇಲ್ಲದ ಸೆಕೆಂಡ್ ಹ್ಯಾಂಡ್ 250 ಬೈಕಿಗೆ ಪಿಸ್ಟನ್ ಬದಲಿಸುವ ಖರ್ಚು ಸೇರಿಸಿಯೇ ಬೆಲೆ ಕಟ್ಟಬೇಕು.

ಸವಾರನ ದೇಹದಲ್ಲಿ ಮೊದಲು ಸೋಲುವುದು ಮುಂಗೈ. ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗಿ, ಬೆರಳಿಗೆ ಕ್ಲಚ್ ಬ್ರೇಕ್ ಸಿಗದಂತಾಗುವುದನ್ನು ಆರ್ಮ್ ಪಂಪ್ ಅನ್ನುತ್ತಾರೆ. ಸ್ನಾಯುವಿಗೆ ರಕ್ತ ನುಗ್ಗಿ, ಸುತ್ತಲಿನ ಪೊರೆ ಹಿಗ್ಗದೆ, ಒಳಗೆ ಒತ್ತಡ ಏರುತ್ತದೆ. ಪೊರೆ ಸೀಳುವ ಆಪರೇಷನ್ ಇದೆ, ದೊಡ್ಡ ದೊಡ್ಡ ಸವಾರರೇ ಮಾಡಿಸಿಕೊಂಡಿದ್ದಾರೆ. ಆದರೆ ಹದಿನೇಳರ ಹುಡುಗನಿಗೆ ಮೊದಲು ನೋಡಬೇಕಾದದ್ದು ಮಂಡಿ ಬೈಕನ್ನು ಅವುಚಿ ಹಿಡಿದಿದೆಯಾ ಅಂತ. ಕಾಲು ಹಿಡಿಯದ ಭಾರವನ್ನೆಲ್ಲ ಕೈ ಹಿಡಿಯುತ್ತದೆ. ಆಮೇಲೆ ಲಿವರ್ ಕೋನ, ಗಟ್ಟಿ ಫೋರ್ಕ್, ರೇಸಿಗೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡನಾ, ಉಸಿರು ಕಟ್ಟಿ ಓಡಿಸುತ್ತಿದ್ದಾನಾ. ರೇಸ್ ಉದ್ದಕ್ಕೂ ಹೃದಯ ಗರಿಷ್ಠ ಮಿತಿಯ ಹತ್ತಿರವೇ ಬಡಿಯುತ್ತಿರುತ್ತದೆ. ಸೈಕಲ್, ರೋಯಿಂಗ್ ಇಲ್ಲದೆ ಬರೀ ಜಿಮ್ಮಿನಲ್ಲಿ ತೋಳು ಬೆಳೆಸಿದವರು ಎರಡನೇ ರೇಸಿನ ಹೊತ್ತಿಗೆ ಕೈಚೆಲ್ಲುತ್ತಾರೆ. ದಣಿದವನು ಬೀಳುತ್ತಾನೆ.

ಬಿದ್ದ ಮೇಲಿನ ತಪ್ಪುಗಳು ಇನ್ನೂ ದುಬಾರಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಗುಳಿ ಇದೆ. ಕೈಯೂರಿ ಬಿದ್ದವನಿಗೆ ಅಲ್ಲಿ ಒತ್ತಿದಾಗ ನೋವಾದರೆ ಸ್ಕೇಫಾಯ್ಡ್ ಮೂಳೆ ಬಿರುಕು ಬಿಟ್ಟಿದೆ ಅಂತಲೇ ತಿಳಿದು ನಡೆಯಬೇಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. "ಉಳುಕು, ಎಣ್ಣೆ ಹಚ್ಚಿ" ಅಂತ ಕಳಿಸುತ್ತಾರೆ, ಹುಡುಗ ಮುಂದಿನ ವಾರ ಮತ್ತೆ ಓಡಿಸುತ್ತಾನೆ. ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ. ಕೂಡದೆ ಉಳಿದರೆ ಮಣಿಕಟ್ಟು ಆಯುಷ್ಯಪೂರ್ತಿ ಕಾಡುತ್ತದೆ. ಮಣಿಕಟ್ಟು ಅಲುಗದಂತೆ ಪಟ್ಟಿ ಹಾಕಿಸಿ, ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೆ ಎಕ್ಸ್‌ರೇ, ಅಥವಾ ಆಗಲೇ ಎಂಆರ್‌ಐ ಕೇಳಿ. ಕಾಲರ್ ಬೋನ್‌ಗೆ ಪ್ಲೇಟ್ ಹಾಕಿಸಿಕೊಂಡು ಬೇಗ ಬೈಕ್ ಹತ್ತಬಹುದು ನಿಜ, ಆದರೆ ಮತ್ತೆ ಬಿದ್ದರೆ ಪ್ಲೇಟಿನ ತುದಿಯಲ್ಲೇ ಮೂಳೆ ಮುರಿಯುವ ಅಪಾಯವಿದೆ. ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕು ಕವಿದರೂ ಆ ದಿನದ ರೇಸ್ ಮುಗಿಯಿತು, ಹೆಲ್ಮೆಟ್ ಕೂಡ ಮುಗಿಯಿತು. ಈ ವಿಷಯದಲ್ಲಿ ಚೌಕಾಸಿ ಬೇಡ.

ನಮ್ಮವರ ದಾರಿ ಬೇರೆ ಇತ್ತು, ಬೇರೆ ಆಗಲೇಬೇಕಿತ್ತು. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಇಬ್ಬರೂ ಮೋಟೋಕ್ರಾಸ್, ಸೂಪರ್‌ಕ್ರಾಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿ, ಆಮೇಲೆ ದಿನಗಟ್ಟಲೆ ದೂರ ಓಡಿಸುವ ಡಕಾರ್ ರ‍್ಯಾಲಿಗೆ ಹೋದವರು. 2015ರಲ್ಲಿ ಸಂತೋಷ್ 36ನೆಯವರಾಗಿ ಮುಗಿಸಿ, ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅರವಿಂದ್ 2017, 2018ರಲ್ಲಿ ಗಾಯದಿಂದ ಹಿಂದೆ ಸರಿದು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಬಹಳ ಜನರಿಗೆ ಅವರು ಬಿಗ್ ಬಾಸ್‌ನಿಂದ ಗೊತ್ತು. ಆ ಮೂರನೇ ಪ್ರಯತ್ನದಿಂದ ಗೊತ್ತಿರಬೇಕಿತ್ತು. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಟಿವಿಎಸ್, ಹೀರೋ ತರಹದ ಕಂಪನಿಗಳ ರ‍್ಯಾಲಿ ತಂಡ ಬಿಟ್ಟರೆ ಮಣ್ಣಿನ ಮೇಲೆ ಬೈಕ್ ಓಡಿಸಿ ಸಂಬಳ ಪಡೆಯುವ ಜಾಗ ಇಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟಿತ್ತು. 2024ರಲ್ಲಿ ಪುಣೆಯಲ್ಲಿ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಒಂದು ಬಾಗಿಲು ತೆರೆದಿದೆ, ಒಳ್ಳೆಯದೇ. ಆದರೆ ಕ್ರೀಡಾಂಗಣದ ಕೆಲವೇ ಸುತ್ತಿನ ರೇಸಿಗೂ ಯುರೋಪಿನ 30 ನಿಮಿಷದ ರೇಸಿಗೂ ಬೇಕಾದ ದೇಹವೇ ಬೇರೆ.

ವಯಸ್ಸಿನ ಗಡಿಯೂ ಕಟ್ಟುನಿಟ್ಟು. ಎಂಎಕ್ಸ್2 ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 23 ದಾಟಿದವರಿಗೆ ಜಾಗವಿಲ್ಲ. ಯುರೋಪಿನ ಮಕ್ಕಳು ಐದಾರು ವರ್ಷಕ್ಕೆ 50 ಸಿಸಿ ಹತ್ತಿ, 65, 85, 125 ಅಂತ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮಕ್ಕಳು ಹದಿನಾರಕ್ಕೆ ರೋಡ್ ಬೈಕ್ ಮಾರ್ಪಡಿಸಿಕೊಂಡು ಶುರು ಮಾಡುತ್ತಿದ್ದರು. ಈಗ ಕವಾಸಾಕಿಯ ಕೆಎಕ್ಸ್65, ಕೆಟಿಎಂನ 50, 65, 85 ಎಸ್ಎಕ್ಸ್ ಇಲ್ಲಿಯೂ ಬಂದಿವೆ. ಎಂಟು ವರ್ಷದ ಮಗುವಿಗೆ "ಬೆಳೀತಾನಲ್ಲ" ಅಂತ 85 ಕೊಡಿಸಬೇಡಿ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಮುಂಗಾಲು ನೆಲ ಮುಟ್ಟಬೇಕು.

ಇನ್ನೊಂದು ಮಾತು. ತರಬೇತಿ ಟ್ರ್ಯಾಕ್ ನೋಡಲು ಹೋದಾಗ ಜಂಪ್ ಎಷ್ಟು ಉದ್ದ ಅಂತ ಕೇಳಬೇಡಿ. ಇಳಿಯುವ ಜಾಗ ಕಾಣದ ಪ್ರತಿ ಜಂಪಿನ ಪಕ್ಕ ಹಳದಿ ಬಾವುಟ ಹಿಡಿದವರು ನಿಂತಿದ್ದಾರಾ, ಆಂಬುಲೆನ್ಸ್ ಗೇಟಿನ ಒಳಗಿದೆಯಾ, ಅದರ ಡ್ರೈವರ್ ಅಲ್ಲೇ ಇದ್ದಾನಾ, ತಲೆಗೆ ಪೆಟ್ಟಾದರೆ ಯಾವ ಆಸ್ಪತ್ರೆ, ಎಷ್ಟು ನಿಮಿಷ, ಇಷ್ಟು ಕೇಳಿ. ಉತ್ತರ ತಡವರಿಸಿದರೆ ಬೈಕನ್ನು ಗಾಡಿಯಿಂದ ಇಳಿಸದೆ ವಾಪಸ್ ಬನ್ನಿ.