ಜೋಡಿ ಕಟ್ಟದ ಮಟ್ಟಿಯಲ್ಲಿ ಗಿಡ್ಡ ಹುಡುಗ

2025ರ ಆಗಸ್ಟ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಡ್ಯೂಸ್ ವಾನ್‌ನನ್ನು ಕೈಬಿಟ್ಟಿತು. ಡಲ್ಲಾಸ್ ಸುತ್ತಲಿನ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್ ಕಡೆಯ ನಮ್ಮ ಕನ್ನಡದವರ ಬಾಯಲ್ಲಿ ಅದಕ್ಕೆ ಸಿಕ್ಕ ವ್ಯಾಖ್ಯಾನ ಒಂದೇ: "ಪಾಪ, ಗಿಡ್ಡ ಅಂತ ತೆಗೆದುಬಿಟ್ರು ಕಣ್ರೀ." ಬೆನ್ನಿಗೇ ಜಿ. ಆರ್. ವಿಶ್ವನಾಥ್ ಹೆಸರೂ ಬಂತು, ಬರದೇ ಇರುತ್ತದೆಯೇ. ಭದ್ರಾವತಿಯ ಆ ಪುಟ್ಟ ಆಳು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್‌ಗೆ ಇಳಿದು, ಒಂದು ಇನ್ನಿಂಗ್ಸ್‌ನಲ್ಲಿ ಸೊನ್ನೆ ಸುತ್ತಿ, ಇನ್ನೊಂದರಲ್ಲಿ 137 ಹೊಡೆದವರಲ್ಲವೇ, ಎತ್ತರದಲ್ಲಿ ಏನಿದೆ ಮಹಾ ಅಂತ.

ಈ ವಾದ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ವಿಶ್ವನಾಥರ ಮೇಲೆ ಪ್ರೀತಿ ಕಡಿಮೆ ಅಂತಲ್ಲ, ಆಟವೇ ಬೇರೆ. ಬೌಲರ್ ಚೆಂಡು ಬಿಟ್ಟು ಬ್ಯಾಟ್ಸ್‌ಮನ್‌ನ ಎದೆಗೆ ಬಂದು ಗುದ್ದುವುದಿಲ್ಲ. ಅಮೆರಿಕನ್ ಫುಟ್‌ಬಾಲನ್ನು ನಮ್ಮೂರಿನ ಯಾವುದಕ್ಕಾದರೂ ಹೋಲಿಸಲೇಬೇಕೆಂದರೆ ಚಿನ್ನಸ್ವಾಮಿ ಕ್ರೀಡಾಂಗಣ ಬಿಟ್ಟು ಮೈಸೂರಿನ ಗರಡಿಮನೆಗೆ ಹೋಗಬೇಕು. ಅಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಹಿರಿಯ ಪೈಲ್ವಾನರು ಕೂತು, ಮೈತೂಕ ನೋಡಿ, ಕಸುವು ನೋಡಿ, ಇವನಿಗೆ ಇವನು ಅಂತ ಒಪ್ಪಿದ ಮೇಲೆಯೇ ಇಬ್ಬರೂ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿಯುವುದು. ಪ್ರೊ ಕಬಡ್ಡಿಯಲ್ಲೂ 85 ಕೆಜಿ ದಾಟಿದವನಿಗೆ ಜಾಗವಿಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗು ಎನ್‌ಎಫ್‌ಎಲ್‌ನಲ್ಲಿ ಮಾತ್ರ ಜೋಡಿ ಕಟ್ಟುವವರು ಯಾರೂ ಇಲ್ಲ. 81 ಕೆಜಿಯ ಹುಡುಗನ ಎದುರು 109 ಕೆಜಿಯ ಲೈನ್‌ಬ್ಯಾಕರ್ (ಎದುರು ತಂಡದ ಮುಂಚೂಣಿಯ ಹಿಂದೆ ನಿಂತು ತಡೆಯುವವನು) ಹತ್ತು ಹೆಜ್ಜೆ ಓಟ ತೆಗೆದುಕೊಂಡು ಬಂದರೂ ರೆಫರಿ ಸೀಟಿ ಊದುವುದಿಲ್ಲ.

ಮೊದಲು ಎತ್ತರದ ಮಾತು ಮುಗಿಸೋಣ. ರನ್ನಿಂಗ್ ಬ್ಯಾಕ್‌ಗೆ ಗಿಡ್ಡತನ ದೊಡ್ಡ ತೊಡಕೇ ಅಲ್ಲ, ಎಷ್ಟೋ ಸಲ ಅದೇ ಲಾಭ. ಅವನಿಗೆ ದಾರಿ ಬಿಡಿಸಲು ಮುಂದೆ ನಿಂತ ಲೈನ್‌ಮನ್‌ಗಳು ಆರಡಿ ಐದಂಗುಲದವರು, ಮುನ್ನೂರು ಪೌಂಡ್ ಮೀರಿದವರು. ಅವರ ಬೆನ್ನ ಹಿಂದೆ ಐದೂವರೆ ಅಡಿಯವನು ನಿಂತರೆ ಎದುರಿನ ಲೈನ್‌ಬ್ಯಾಕರ್‌ಗೆ ಅರೆಕ್ಷಣ ಕಾಣುವುದೇ ಇಲ್ಲ. ಆ ಅರೆಕ್ಷಣದಲ್ಲಿ ಅವನು ತಪ್ಪು ಸಂದಿಗೆ ಹೆಜ್ಜೆ ಇಟ್ಟರೆ ಓಟ ಐದು ಗಜ ದಾಟಿದ ಹಾಗೆ. ಗಿಡ್ಡನ ಹೆಜ್ಜೆ ಚಿಕ್ಕದು, ಪಾದ ನೆಲಕ್ಕೆ ಮತ್ತೆ ಮತ್ತೆ ತಾಗುತ್ತಿರುತ್ತದೆ, ಹಾಗಾಗಿ ದಿಕ್ಕು ಬದಲಿಸಲು ಕಾಯಬೇಕಾಗಿಲ್ಲ. ಅವನನ್ನು ಹಿಡಿಯಲು ಬಂದವನು ಸೊಂಟ ಬಗ್ಗಿಸಲೇಬೇಕು. ಬಗ್ಗದೆ ಕೈ ಚಾಚಿದರೆ ತೋಳು ಹೆಗಲ ಮೇಲಿಂದ ಜಾರಿಹೋಗುತ್ತದೆ. ಬ್ಯಾರಿ ಸ್ಯಾಂಡರ್ಸ್ 5 ಅಡಿ 8 ಅಂಗುಲ. 1989ರಲ್ಲಿ ಮೊದಲ ವರ್ಷವೇ 1,470 ಗಜ ಓಡಿದ, ಹತ್ತು ವರ್ಷಕ್ಕೆ 15,269 ಗಜ. ಮಾರಿಸ್ ಜೋನ್ಸ್-ಡ್ರೂ ಇನ್ನೂ ಒಂದು ಅಂಗುಲ ಕಡಿಮೆ, 2006ರ ಮೊದಲ ವರ್ಷ ಓಟದಲ್ಲೇ 941 ಗಜ, 13 ಟಚ್‌ಡೌನ್.

ಆದರೆ ಜೋನ್ಸ್-ಡ್ರೂ ತೂಕ ನೋಡಿ, ಸುಮಾರು 208 ಪೌಂಡ್. 170 ಸೆಂಟಿಮೀಟರ್ ಎತ್ತರಕ್ಕೆ 94 ಕೆಜಿ, ಒರಳುಕಲ್ಲಿನಂಥ ಆಳು. ಸ್ಯಾಂಡರ್ಸ್ ಕೂಡ 200 ಪೌಂಡ್ ದಾಟಿದವನೇ. ಡ್ಯೂಸ್ ವಾನ್ 2023ರಲ್ಲಿ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಅಳೆದು ತೂಗುವ ಶಿಬಿರದಲ್ಲಿ, ತಕ್ಕಡಿ ಹತ್ತಿದಾಗ ಬಂದದ್ದು 5 ಅಡಿ 5 ಅಂಗುಲ, 179 ಪೌಂಡ್. ತರಬೇತುದಾರರು ಹೆದರಿದ್ದು ಆ ಐದು ಅಂಗುಲಕ್ಕಲ್ಲ, ಆ 179ಕ್ಕೆ.

ಯಾಕೆಂದರೆ ಹೊಸ ರನ್ನಿಂಗ್ ಬ್ಯಾಕ್ ಬೆಂಚ್ ಕಾಯುವುದು ಬಹುತೇಕ ಓಡಲು ಬಾರದ್ದಕ್ಕಲ್ಲ. ಕಾಲೇಜಿನಲ್ಲಿ ಸಾವಿರ ಗಜ ಓಡಿದವರೇ ಎಲ್ಲರೂ. ಎಡವುವುದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಕೆಲಸದಲ್ಲಿ. ಮೂರನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ ಎಂಟು ಗಜ ಬೇಕು ಎಂದಿಟ್ಟುಕೊಳ್ಳಿ. ನಮ್ಮ ಲೈನ್‌ಮನ್‌ಗಳು ಐವರು, ನುಗ್ಗಿ ಬರುವವರು ಆರು ಜನ. ಆ ಆರನೆಯವನು ರನ್ನಿಂಗ್ ಬ್ಯಾಕ್‌ನ ಪಾಲು. ಚೆಂಡು ಹಿಂದಕ್ಕೆ ಬರುವ ಮೊದಲೇ ನಡುವಿನ ಲೈನ್‌ಬ್ಯಾಕರ್, ಅಂದರೆ 'ಮೈಕ್', ಯಾರು ಎಂದು ಗುರುತಿಸಬೇಕು. ಒಳಗಿನ ಸಂದಿಯಿಂದ ಹೊರಗಿನ ಸಂದಿಗೆ ಕಣ್ಣು ಹಾಯಿಸಬೇಕು, ಏಕೆಂದರೆ ಒಳಗಿನಿಂದ ಬರುವವನಿಗೇ ದಾರಿ ಹತ್ತಿರ. ಕಂಡ ತಕ್ಷಣ ಮುಂದೆ ಹೆಜ್ಜೆ ಹಾಕಿ ಲೈನಿನ ಹತ್ತಿರವೇ ಎದುರಾಗಬೇಕು. ಹೊಸಬರೆಲ್ಲ ಮಾಡುವ ತಪ್ಪು ಎಂದರೆ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲೇ ನಿಂತು ಕಾಯುವುದು. ಅಷ್ಟರಲ್ಲಿ ಬರುವವನಿಗೆ ಐದು ಗಜದ ಓಟ ಸಿಕ್ಕಿರುತ್ತದೆ. ಇವನು ತಡೆದರೂ ಹಿಂದಕ್ಕೆ ಹೋಗಿ ಬೀಳುವುದು ಕ್ವಾರ್ಟರ್‌ಬ್ಯಾಕ್ ಕಾಲಿನ ಮೇಲೆಯೇ.

ಹಗುರಾದವನು ಕೊನೆಗೆ ಕಾಲಿಗೆ ಬೀಳುವ ಪಟ್ಟಿಗೆ ಮೊರೆಹೋಗುತ್ತಾನೆ, ಕಟ್ ಬ್ಲಾಕ್. ಒಂದೆರಡು ಸಲ ನಡೆಯುತ್ತದೆ. ಮೂರನೇ ಸಲ ಎದುರಾಳಿ ಹಾರಿ ದಾಟುತ್ತಾನೆ, ಇವನು ಹುಲ್ಲಿನ ಮೇಲೆ ಚಾಪೆಯಂತೆ ಬಿದ್ದಿರುತ್ತಾನೆ. ತನ್ನದೇ ಲೈನ್‌ಮನ್ ಆಗಲೇ ಮೇಲಿನಿಂದ ಹಿಡಿದಿರುವ ಆಳಿನ ಕಾಲಿಗೆ ಬೀಳುವಂತೆಯೂ ಇಲ್ಲ, ಅಂಥ ಚಾಪ್ ಬ್ಲಾಕ್‌ಗೆ 2016ರಿಂದ ಪೂರ್ತಿ ನಿಷೇಧ. ಉಳಿದದ್ದು ನೇರ ಡಿಕ್ಕಿ: ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ಎರಡೂ ಕೈ ಅವನ ಎದೆಗವಚದ ಒಳಗೆ, ತಲೆ ಮೇಲೆ. ಜೋನ್ಸ್-ಡ್ರೂ 2007ರಲ್ಲಿ ಲೈನ್‌ಬ್ಯಾಕರ್ ಶಾನ್ ಮೆರಿಮನ್‌ನನ್ನು, ಸುಮಾರು 270 ಪೌಂಡಿನವನನ್ನು, ಹೀಗೆ ಮಲಗಿಸಿದ್ದನ್ನು ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಸಾಧ್ಯವಾಗಿದ್ದು ಗಿಡ್ಡನಾಗಿದ್ದರಿಂದ, ಮತ್ತು ಹಗುರವಲ್ಲದ್ದರಿಂದ.

ಹಾಗಾದರೆ ಹಗುರ ಹುಡುಗನಿಗೆ ದಾರಿಯೇ ಇಲ್ಲವೇ? ಇದೆ. ಲೀಗು ಕಟ್ಟದ ಜೋಡಿಯನ್ನು ತರಬೇತುದಾರ ಕಟ್ಟಬೇಕು. ಡ್ಯಾರೆನ್ ಸ್ಪ್ರೋಲ್ಸ್ 5 ಅಡಿ 6 ಅಂಗುಲ, 190 ಪೌಂಡ್. 2005ರಲ್ಲಿ ಸ್ಯಾನ್ ಡಿಯಾಗೋಗೆ ಬಂದಾಗ ಮುಂದೆ ತಂಡದ ಮುಖ್ಯ ಓಟಗಾರ ಲಡೇನಿಯನ್ ಟಾಮ್ಲಿನ್ಸನ್ ಇದ್ದ, ಸ್ಪ್ರೋಲ್ಸ್‌ಗೆ ಸಿಕ್ಕಿದ್ದು ಹೆಚ್ಚಾಗಿ ಕಿಕ್, ಅಂದರೆ ಎದುರಾಳಿ ಒದ್ದ ಚೆಂಡು, ಹಿಡಿದು ಓಡುವ ಕೆಲಸ. 2006 ಪೂರ್ತಿ ಕಣಕಾಲು ಮುರಿದು ಹೋಯಿತು. 2011ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ತರಬೇತುದಾರ ಶಾನ್ ಪೇಟನ್ ಕೈಗೆ ಸಿಕ್ಕ ಮೇಲೆ ಒಂದೇ ಸೀಸನ್‌ನಲ್ಲಿ ಎಲ್ಲ ಬಗೆಯ ಗಜಗಳೂ ಸೇರಿ 2,696, ಲೀಗಿನ ದಾಖಲೆ. ಅದರಲ್ಲಿ ಕೈಗಿತ್ತ ಚೆಂಡು ಬರೀ 87 ಸಲ, ಹಿಡಿದ ಪಾಸು 86.

ಲೆಕ್ಕ ಅಲ್ಲೇ ಇದೆ. ಅವನನ್ನು ಕ್ವಾರ್ಟರ್‌ಬ್ಯಾಕ್ ಪಕ್ಕದಿಂದ ಹೊರಕ್ಕೆ ನಡೆಸಿದಾಗ ಲೈನ್‌ಬ್ಯಾಕರ್ ಹಿಂದೆಯೇ ಬಂದರೆ ಆಳಿಗೆ ಆಳು ಕಾವಲು ಎಂದು ಗೊತ್ತಾಯಿತು. ಬಯಲಿನಲ್ಲಿ 109 ಕೆಜಿಯ ಆ ಆಳು ಸ್ಪ್ರೋಲ್ಸ್‌ನನ್ನು ಮುಟ್ಟುವುದು ಕಷ್ಟ. ಯಾರೂ ಕದಲದಿದ್ದರೆ ಜಾಗ ಕಾಯುತ್ತಿದ್ದಾರೆ, ಆಗ ಟೆಕ್ಸಾಸ್ ರೂಟ್: ಹೊರಕ್ಕೆ ಮೂರು ಹೆಜ್ಜೆ, ಲೈನ್‌ಬ್ಯಾಕರ್‌ನ ತೂಕ ಹೊರಗಾಲಿನ ಮೇಲೆ ಬಿದ್ದ ತಕ್ಷಣ ಗಕ್ಕನೆ ಒಳಕ್ಕೆ. ನಡುವೆ ಸ್ಕ್ರೀನ್ (ಲೈನ್‌ಮನ್‌ಗಳ ಮರೆಯಲ್ಲಿ ಕೊಡುವ ಚಿಕ್ಕ ಪಾಸು), ಡ್ರಾ (ಪಾಸಿನ ನಟನೆ ಮಾಡಿ ಓಡಿಸುವುದು). ಒಂದು ಆಟದಲ್ಲಿ ಹತ್ತು ಹನ್ನೆರಡು ಸಲ ಚೆಂಡು, ಹೆಚ್ಚೆಂದರೆ ಹದಿನೈದು. ಒಂದು ಎಚ್ಚರಿಕೆ ಬೇಕು. ಗಿಡ್ಡ ಹುಡುಗ ಬಂದನೆಂದರೆ ಪಾಸೇ ಎಂದು ಎದುರಿನವರಿಗೆ ಗೊತ್ತಾಗಿಬಿಟ್ಟರೆ ಈ ಜೋಡಿಯೂ ಮುರಿಯುತ್ತದೆ. ಆಗಾಗ ಅವನನ್ನು ನಡುವಿನ ಸಂದಿಯಲ್ಲೇ ಓಡಿಸಬೇಕು, ಮೂರೇ ಗಜ ಬಂದರೂ ಸರಿ. 1997ರಲ್ಲಿ ಟ್ಯಾಂಪಾ ಬೇ ತಂಡ ವಾರಿಕ್ ಡನ್ ಜೊತೆಗೆ ಮೈಕ್ ಆಲ್‌ಸ್ಟಾಟ್‌ನಂಥ ಭಾರಿ ಫುಲ್‌ಬ್ಯಾಕನ್ನು ಇಟ್ಟುಕೊಂಡು ಗುದ್ದಾಟದ ಗಜಗಳನ್ನು ಅವನಿಗೆ ಬಿಟ್ಟಿತು. ಡನ್ ಆ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರನಾದ.

ಇದಕ್ಕೆ ತಾಳ್ಮೆ ಬೇಕು. ಇಲ್ಲಿ ಇಲ್ಲದಿರುವುದು ಅದೇ. ಗರಡಿಯಲ್ಲಿ ವಸ್ತಾದ್ ಒಬ್ಬ ಹುಡುಗನನ್ನು ವರ್ಷಗಟ್ಟಲೆ ಸಾಮು ಮಾಡಿಸಿ ಆಮೇಲೆ ಜೋಡಿ ಹುಡುಕುತ್ತಾನೆ. ಇಲ್ಲಿ ಹೊಸಬನಿಗೆ ಸಿಗುವುದು ಮೂರು ಪ್ರೀಸೀಸನ್ ಆಟ. ಆಗಸ್ಟ್ ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯುತ್ತದೆ. ರನ್ನಿಂಗ್ ಬ್ಯಾಕ್‌ಗಳಿಗೆ ಮೂರೋ ನಾಲ್ಕೋ ಜಾಗ. ನಾಲ್ಕನೆಯವನು ಕಿಕ್ ಬೆನ್ನಟ್ಟಿ ಟ್ಯಾಕಲ್ ಮಾಡಬೇಕು, ಪಂಟ್ ಹೊಡೆಯುವವನಿಗೆ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಡುವವನಿಗೆ) ಕಾವಲು ನಿಲ್ಲಬೇಕು. ಹಗುರಾದವನು ಇವೆರಡಕ್ಕೂ ಒದಗುವುದು ಕಷ್ಟ, ಅವನಿಂದಾಗುವುದು ಕಿಕ್ ಹಿಡಿದು ಓಡುವುದು. 2024ರಲ್ಲಿ ಕಿಕ್‌ಆಫ್ ನಿಯಮ ಬದಲಾಗಿ, ಎರಡೂ ಕಡೆಯವರು ಹತ್ತಿರ ಹತ್ತಿರ ನಿಂತು ಶುರುಮಾಡುವಂತಾದ ಮೇಲೆ ಆ ಕೆಲಸಕ್ಕೆ ಮತ್ತೆ ಬೆಲೆ ಬಂದಿದೆ, ಇದು ಮುಂದಿನ ಗಿಡ್ಡ ಹುಡುಗರಿಗೆ ಒಳ್ಳೆಯ ಸುದ್ದಿ. ವಾನ್‌ಗೆ ಮೊದಲ ವರ್ಷ ಪೂರ್ತಿ ಸಿಕ್ಕಿದ್ದು 23 ಓಟ. ವಾರಕ್ಕೆ ಒಂದೂವರೆ ಸಲ ಚೆಂಡು ಕೊಟ್ಟರೆ ಲಯ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ ಒಪ್ಪಬೇಕಾದ ಮಾತುಗಳಿವೆ. ಆ 23 ಓಟಕ್ಕೆ ಬಂದದ್ದು 40 ಗಜ, ಅದನ್ನು ಯಾವ ಲಯದ ಮಾತೂ ಮುಚ್ಚುವುದಿಲ್ಲ. ಅದೇ ವರ್ಷ, ಅದೇ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವುದು) ಮಯಾಮಿಗೆ ಬಂದ ಡೆವಾನ್ ಅಚಾನ್ 188 ಪೌಂಡಿನವನು, ಮೊಣಕಾಲು ಪೆಟ್ಟಿನಿಂದ ಹಲವು ಆಟ ತಪ್ಪಿಸಿಕೊಂಡೂ 103 ಓಟಕ್ಕೆ 800 ಗಜ. ಕಂಬೈನ್‌ನಲ್ಲಿ ಅವನು 40 ಗಜವನ್ನು 4.32 ಸೆಕೆಂಡಿನಲ್ಲಿ ದಾಟಿದ್ದ, ಅಂಥ ವೇಗ ತೂಕದ ಕೊರತೆಯನ್ನು ತುಂಬಿಕೊಡುತ್ತದೆ. ವೇಗವಿಲ್ಲದವನಿಗೂ ದಾರಿ ಇತ್ತು. 194 ಪೌಂಡಿನ ಕೈರನ್ ವಿಲಿಯಮ್ಸ್ 4.65 ಸೆಕೆಂಡು ತೆಗೆದುಕೊಂಡವನು. ಕಾವಲು ಕೆಲಸ ಕಲಿತಿದ್ದರಿಂದ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವನನ್ನು ಮೂರನೇ ಡೌನ್‌ನಲ್ಲೂ ಹೊರಗೆ ಕರೆಯಲಿಲ್ಲ, 2023ರಲ್ಲಿ 12 ಆಟಕ್ಕೆ 1,144 ಗಜ ಓಡಿದ. ವಾನ್‌ಗೆ ಈ ಎರಡರಲ್ಲಿ ಒಂದೂ ಸಾಕಷ್ಟು ಇರಲಿಲ್ಲ.

ಕೌಬಾಯ್ಸ್‌ಗೆ ಸಣ್ಣ ಆಳುಗಳೆಂದರೆ ಆಗದು ಎನ್ನುವ ಮಾತಂತೂ ನಿಲ್ಲುವುದೇ ಇಲ್ಲ. ಕಿಕ್ ಹಿಡಿದು ಓಡುವ ಒಂದೇ ಜಾಗದಲ್ಲಿ ಆಗಲೇ ಕವೊಂಟೆ ಟರ್ಪಿನ್ ಕೂತಿದ್ದ. 2024ರಲ್ಲಿ ಆ ಕೆಲಸಕ್ಕೇ ಆಲ್-ಪ್ರೊ, ಅಂದರೆ ಲೀಗಿನ ಅತ್ಯುತ್ತಮರ, ಮೊದಲ ತಂಡಕ್ಕೆ ಆಯ್ಕೆಯಾದವನು. ಅವನ ತೂಕ ವಾನ್‌ಗಿಂತಲೂ ಕಡಿಮೆ.