ಪುಣ್ಯಕೋಟಿಯ ಸಾಲದ ಖಾತೆ

ಇಷ್ಟು ವರ್ಷ ನಾವು ಮೂರನೆಯ ತರಗತಿಯ ಮಕ್ಕಳಿಗೆ ಗೋವಿನ ಹಾಡನ್ನು ಹಾಡಿಸಿ ವಿನಾಕಾರಣ ಅಳಿಸುತ್ತಿದ್ದೆವೆಂಬುದು ಕಳೆದ ತಿಂಗಳು ನಡೆದ ಶಿಕ್ಷಕರ ತರಬೇತಿಯಲ್ಲಿ ನನಗೆ ತಿಳಿಯಿತು. ಮಕ್ಕಳ ಸಾಹಿತ್ಯ ಮತ್ತು ಇತಿಹಾಸದ ಮೂಲಕ ಅರ್ಥಶಾಸ್ತ್ರವನ್ನು ಕಲಿಸುವುದು ತರಬೇತಿಯ ಉದ್ದೇಶ. ಗೋವಿನ ಹಾಡು ಸತ್ಯದ ಕಥೆಯಲ್ಲ, ಸಾಲದ ಕಥೆ ಎಂದು ಸಂಪನ್ಮೂಲ ವ್ಯಕ್ತಿಗಳು ವಿವರಿಸಿದರು. ಅರ್ಬುತನೆಂಬ ವ್ಯಾಘ್ರ ಸಾಲ ಕೊಟ್ಟವನು. ಪುಣ್ಯಕೋಟಿ ತನ್ನ ಪ್ರಾಣವನ್ನೇ ಜಾಮೀನಿಲ್ಲದೆ ಕೆಲವು ಗಳಿಗೆಗಳ ಮಟ್ಟಿಗೆ ಕಡ ಪಡೆದ ಗ್ರಾಹಕಿ. ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಗುಹೆಯ ಬಾಗಿಲಿಗೆ ಮರಳಿದ್ದರಿಂದ ಆಕೆಯ ಸಿಬಿಲ್ ಅಂಕ ಒಂಬೈನೂರಕ್ಕೆ ಒಂಬೈನೂರು. ಹಾಗಿದ್ದರೆ ಕೊನೆಯಲ್ಲಿ ಹುಲಿಯೇಕೆ ಸಾಯುತ್ತದೆ ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ ಕೇಳಿದರು. "ಸಾಲ ಮನ್ನಾ ಮಾಡಿತಲ್ಲ ಮೇಡಂ, ಇನ್ನೇನಾಗುತ್ತದೆ?" ಎಂದರು ಸಂಪನ್ಮೂಲ ವ್ಯಕ್ತಿಗಳು. ಸಭೆ ಚಪ್ಪಾಳೆ ತಟ್ಟಿತು, ಚಹಾ ಬಂತು.

ಆಮೇಲೆ ಕಥೆಗಳು ಒಂದೊಂದಾಗಿ ಲೆಕ್ಕಪತ್ರಗಳಾದವು. ಕಾಗಕ್ಕನ ಸಗಣಿಯ ಮನೆ ಮಳೆಗೆ ಕರಗಿದ್ದು ವಿಮೆ ಮಾಡಿಸದ ತಪ್ಪಿಗೆ. ಗುಬ್ಬಕ್ಕ ಬಾಗಿಲು ತೆರೆಯದೆ ಸತಾಯಿಸಿದ್ದು ದುಷ್ಟತನವಲ್ಲ, ಬೇಡಿಕೆ ಹೆಚ್ಚಿದಾಗ ಪೂರೈಕೆಯನ್ನು ತಡೆಹಿಡಿಯುವ ಜಾಣ್ಮೆ. ತೊಡಕಾದದ್ದು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನಿಂದ. ಗಂಡ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದ ಈ ಶರಣೆ 'ಉಳಿತಾಯ' ಎಂಬ ಘಟಕಕ್ಕೆ ಯಾವ ದಿಕ್ಕಿನಿಂದಲೂ ಹೊಂದುವುದಿಲ್ಲವಾದ್ದರಿಂದ ಆಕೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ.

ಇತಿಹಾಸದಲ್ಲಿ ವಿಜಯನಗರ ಬರಲೇಬೇಕು, ಬಂತು. 1520ರ ಸುಮಾರಿಗೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯ ದವಸಧಾನ್ಯ, ಕೋಳಿ, ಹಣ್ಣುಗಳ ಬಗ್ಗೆಯೂ ಬಾಯಿ ಚಪ್ಪರಿಸಿಕೊಂಡು ಬರೆದಿದ್ದಾನೆ. ನಾವು ಮಾತ್ರ ಮುತ್ತುರತ್ನಗಳನ್ನು ಬೀದಿಯಲ್ಲಿ ಸೇರಿನಿಂದ ಅಳೆದು ಮಾರುತ್ತಿದ್ದರು ಎಂಬಲ್ಲಿಂದ ಮುಂದಕ್ಕೆ ಕಾಲಿಡುವುದಿಲ್ಲ. ತರಬೇತಿಯಿಂದ ಮರಳಿ ನಾನೂ ಅದನ್ನೇ ಹೇಳಿದೆ. ಐದನೆಯ ತರಗತಿಯ ಹುಡುಗನೊಬ್ಬ ಎದ್ದು, "ಸೇರಿನಲ್ಲಿ ಅಳೆದು ಮಾರಿದರೆ ರತ್ನ ಕಡಲೆಕಾಯಿಯಷ್ಟೇ ಅಗ್ಗ ಅಂತ ಆಯ್ತಲ್ಲ ಮಿಸ್, ಅದರಲ್ಲಿ ಶ್ರೀಮಂತಿಕೆ ಏನು ಬಂತು?" ಎಂದು ಕೇಳಿದ. ಬೇಡಿಕೆ ಮತ್ತು ಪೂರೈಕೆಯ ಇಡೀ ಪಾಠ ಆ ಪ್ರಶ್ನೆಯಲ್ಲಿತ್ತಾದರೂ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಕೂರಿಸಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕ್ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿ, ಜನ ಮನೆಮನೆಯಲ್ಲಿ ನಾಣ್ಯ ಟಂಕಿಸತೊಡಗಿದ ಮೇಲೆ ಅದನ್ನು ಹಿಂದಕ್ಕೆ ಪಡೆದ ಪ್ರಸಂಗವನ್ನಂತೂ ಮುಟ್ಟಲೇಬಾರದೆಂದು ಅಪ್ಪಣೆಯಾಗಿದೆ. ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ, ಮನೆಯವರಿಗೆ 2016ರ ನವೆಂಬರ್ 8ರ ರಾತ್ರಿ ನೆನಪಾಗುತ್ತದೆ.

ಇಷ್ಟೆಲ್ಲ ಕಲಿಸಿದ ಮೇಲೆ ಪ್ರಾಯೋಗಿಕ ತರಗತಿಯೆಂದರೆ ಮಕ್ಕಳ ಸಂತೆ. ಶಾಲೆಯ ಅಂಗಳದಲ್ಲಿ ಗೋಣಿತಾಟು ಹಾಸಿ ಮಕ್ಕಳು ಸೊಪ್ಪು, ತರಕಾರಿ, ಮಂಡಕ್ಕಿ ಮಾರುವುದು ನೋಡಲು ಚೆಂದವೇ. ನಮ್ಮ ರತ್ನದ ಹುಡುಗ ಕೊತ್ತಂಬರಿ ಸೊಪ್ಪನ್ನಿಟ್ಟುಕೊಂಡು ಕುಳಿತಿದ್ದ. ಅವನ ತಾಯಿ ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಜಾವದ ಬಸ್ಸಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಕಟ್ಟಿಗೆ 15 ರೂಪಾಯಿಯಂತೆ 12 ಕಟ್ಟು ತಂದುಕೊಟ್ಟಿದ್ದಳು. ಶಕ್ತಿ ಯೋಜನೆಯ ಪುಣ್ಯದಿಂದ ಬಸ್ಸಿನ ಖರ್ಚಿಲ್ಲ. ಪಕ್ಕದ ತಾಟಿನವನೂ ಕೊತ್ತಂಬರಿಯನ್ನೇ ತಂದಿದ್ದರಿಂದ ನಮ್ಮವನು ಕಟ್ಟಿಗೆ 10 ರೂಪಾಯಿಯಂತೆ ಕೂಗಿದ. 9 ಕಟ್ಟು ಹೋದವು. ಒಂದನ್ನು ಉದ್ಘಾಟನೆಗೆ ಬಂದಿದ್ದ ಜನಪ್ರತಿನಿಧಿಗಳು 500ರ ನೋಟನ್ನು ಎತ್ತಿ ಹಿಡಿದು ಕೊಂಡರು. ಫೋಟೊ ಮುಗಿಯುತ್ತಿದ್ದಂತೆ ಚಿಲ್ಲರೆಯಿಲ್ಲವೆಂದು ಅವರ ಆಪ್ತ ಸಹಾಯಕರು ನೋಟನ್ನು ಜೇಬಿಗೆ ಮರಳಿಸಿದರು, ಸೊಪ್ಪು ಕಾರಿನಲ್ಲಿ ಹೋಯಿತು. "ಉದ್ರಿ ಬರ್ಕೊಳ್ಳಲಾ ಮಿಸ್? ಪುಣ್ಯಕೋಟಿ ಥರ ವಾಪಸ್ ಬರ್ತಾರಾ?" ಎಂದ ಹುಡುಗ. ಬಾಡತೊಡಗಿದ್ದ ಕೊನೆಯ ಎರಡು ಕಟ್ಟುಗಳನ್ನು ಮಗನ ಮುಖ ನೋಡಲಾರದೆ ತಾಯಿಯೇ 20 ರೂಪಾಯಿ ಕೊಟ್ಟು ಕೊಂಡಳು.

ಸಂಜೆ ಮೇಲಕ್ಕೆ ಕಳುಹಿಸಬೇಕಾದ ವರದಿಯ ನಮೂನೆಯಲ್ಲಿ 'ಒಟ್ಟು ವಹಿವಾಟು', 'ಒಟ್ಟು ಲಾಭ' ಎಂಬ ಎರಡೇ ಅಂಕಣಗಳಿದ್ದವು. ಬಂಡವಾಳವೆಂಬ ಅಂಕಣವಿಲ್ಲದ ಕಾರಣ ಹುಡುಗನ ಡಬ್ಬಿಯಲ್ಲಿದ್ದ 110 ರೂಪಾಯಿಯೂ ಲಾಭವೆಂದೇ ದಾಖಲಾಯಿತು. ನಮ್ಮ ಶಾಲೆಯಲ್ಲಿ ಆ ದಿನ ಯಾರಿಗೂ ನಷ್ಟವಾಗಲಿಲ್ಲ; ಕೂಲಿಯ ಜೊತೆಗೆ ಸೊಪ್ಪಿಗೆಂದು ಕೈಯಿಂದ 200 ರೂಪಾಯಿಯನ್ನೂ ಕಳೆದುಕೊಂಡ ತಾಯಿ ಶಾಲೆಯ ಹಾಜರಿಯಲ್ಲಿಲ್ಲ. ಗೋವಿನ ಹಾಡಿನಲ್ಲಿಯೂ ಪುಣ್ಯಕೋಟಿ ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸಿಯೇ ಹುಲಿಯ ಬಳಿಗೆ ಹೊರಡುತ್ತಾಳೆ, ಆದರೆ ಕೈಪಿಡಿಯಲ್ಲಿ ಆ ಅಕ್ಕತಂಗಿಯರ ಹೆಸರಿಗೆ ಖಾತೆಯನ್ನು ತೆರೆದಿಲ್ಲ.

ವರದಿಗೆ ಸಹಿ ಹಾಕಬೇಕಾದ ಮುಖ್ಯೋಪಾಧ್ಯಾಯರು ಆ ಹೊತ್ತಿಗೆ ಮೊಟ್ಟೆಯ ಲೆಕ್ಕದಲ್ಲಿದ್ದರು. ಸರ್ಕಾರ ಒಂದು ಮೊಟ್ಟೆಗೆ ನಿಗದಿ ಮಾಡಿದ್ದು 6 ರೂಪಾಯಿ. ತರುವ, ಬೇಯಿಸುವ, ಸುಲಿಯುವ ಖರ್ಚೂ ಅದರೊಳಗೇ. ಅಂಗಡಿಯಲ್ಲಿ ಬರೀ ಮೊಟ್ಟೆಗೇ 7 ರೂಪಾಯಿ. ಮಕ್ಕಳ ತಟ್ಟೆಗೆ ಮೊಟ್ಟೆ ಬೀಳದಿದ್ದರೆ ನೋಟಿಸು, ಬಿದ್ದರೆ ಜೇಬಿನಿಂದ ದುಡ್ಡು. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಒಂದೇ ಲೆಕ್ಕದಲ್ಲಿ ಪರೀಕ್ಷಿಸೋಣವೆಂದು ಮರುದಿನ ನಾನು ಐದನೆಯ ತರಗತಿಯ ಕಪ್ಪು ಹಲಗೆಯ ಮೇಲೆ ಇದನ್ನೇ ಬರೆದೆ: 6 ರೂಪಾಯಿ ಕೈಗೆ ಬಂದು, 7 ರೂಪಾಯಿ ಕೈಬಿಟ್ಟರೆ, ಉಳಿದ ಒಂದು ರೂಪಾಯಿಯನ್ನು ಕೊಡುವವರು ಯಾರು?

ಹೆಡ್ ಮಾಸ್ಟರ್ ಎಂದು ತರಗತಿ ಒಕ್ಕೊರಲಿನಿಂದ ಕೂಗಿತು. ಕೊತ್ತಂಬರಿಯ ಹುಡುಗ ಮಾತ್ರ ಪೆನ್ಸಿಲ್ ಕಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಹೆಡ್ ಮಾಸ್ಟರ್‌ಗೂ ಅಮ್ಮ ಇದ್ದಾರಾ ಮಿಸ್?"